ಹುರಿಯುವ ಮೊದಲಿನ ತೂಕ

ನಮ್ಮ ಅತ್ತೆಯವರಿಗೆ ಮರೆವು ಶುರುವಾಗಿದೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದ ವರ್ಷ, ಆ ತೀರ್ಮಾನಕ್ಕೆ ಠಸ್ಸೆ ಒತ್ತಿದವಳು ನಾನು. ಅದೂ ಒಂದು ಕ್ಯಾನಿಗೆ ಅಂಟಿಸಿದ ಚೀಟಿಯಿಂದ. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು, ನನ್ನದೇ ಅಕ್ಷರ. ಅಕ್ಷರವೇನೋ ಮುತ್ತಿನ ಹಾಗಿತ್ತು, ಅದರ ಮಾತು ಬೇರೆ.

ನಾನು ಧಾರವಾಡದವಳು. ವಾಸ್ಕೋದ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅದಿರು, ನೀರು, ಸುಣ್ಣದಕಲ್ಲು ಇವುಗಳ ಪರೀಕ್ಷೆ ಮಾಡುತ್ತೇನೆ. ಮನೆ ದಾಬೋಲಿಮ್‌ನಲ್ಲಿ, ವಿಮಾನ ಇಳಿಯುವಾಗ ನಾವು ಮಾತು ನಿಲ್ಲಿಸಿ, ಅದು ಇಳಿದ ಮೇಲೆ ಅದೇ ಮಾತಿನ ಮುಂದಿನ ಅರ್ಧ ಆಡುತ್ತೇವೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದಾಜಿನ ಮೇಲೆ ಕೆಲಸ ಮಾಡುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಗ್ರಾಂ ಅಂದರೆ ಗ್ರಾಂ, ಮಿಲಿ ಅಂದರೆ ಮಿಲಿ.

ಇಂಥವಳ ಗಂಡನಿಗೆ ಹವಳ ಸಾಕುವ ಹುಚ್ಚು. ಅವರು ಬಂದರಿನಲ್ಲಿ ವಿದ್ಯುತ್ ವಿಭಾಗದವರು. ನಡುಮನೆಯಲ್ಲಿ ಐದು ಅಡಿ ಉದ್ದದ ಗಾಜಿನ ತೊಟ್ಟಿ ಇಟ್ಟಿದ್ದಾರೆ, ಅದರಲ್ಲಿ ಉಪ್ಪುನೀರು, ನೀಲಿ ದೀಪ, ನಾಲ್ಕೈದು ಮೀನು, ಕಲ್ಲಿನ ಮೇಲೆ ಹವಳ. ಸಮುದ್ರದಿಂದ ಕಿತ್ತು ತಂದ ಹವಳವಲ್ಲ, ಹಾಗೆ ಕೀಳುವುದು ಅಪರಾಧ. ಸಾಕಣೆಯಲ್ಲಿ ಬೆಳೆದ ಬೆರಳುದ್ದದ ತುಂಡುಗಳನ್ನು ಕಾಗದಪತ್ರದ ಸಮೇತ ಕೊಂಡು, ಆರು ವರ್ಷ ಸಾಕಿ ಅಂಗೈಯಗಲ ಮಾಡಿದ್ದರು. ಸಮುದ್ರ ಹತ್ತು ನಿಮಿಷದ ದೂರದಲ್ಲಿದ್ದರೂ ಈ ಪುಣ್ಯಾತ್ಮರು ಬಕೆಟ್ಟಿನಲ್ಲಿ ಉಪ್ಪು ಕಲಸಿ ಮನೆಯಲ್ಲಿ ಸಮುದ್ರ ತಯಾರಿಸುತ್ತಾರೆ. ಹೇಳಿದರೆ, "ಅಲ್ಲಿ ನೀರು ನಮ್ಮ ಬಂದರದ್ದ, ನನಗ ಗೊತ್ತೈತಿ ಅದರಾಗ ಏನೇನ ಇರ್ತೈತಿ ಅಂತ" ಎನ್ನುತ್ತಾರೆ.

ಹವಳ ಬೆಳೆಯುವಾಗ ನೀರಿನೊಳಗಿನ ಸುಣ್ಣವನ್ನೂ ಕ್ಷಾರವನ್ನೂ ದಿನಾ ಎಳೆದುಕೊಳ್ಳುತ್ತದೆ. ಎಳೆದುಕೊಂಡಷ್ಟನ್ನು ನಾವು ದಿನಾ ಹಾಕಬೇಕು. ಅಂಗಡಿಯ ಬಾಟಲಿ ದುಬಾರಿಯಾದ್ದರಿಂದ ಹವ್ಯಾಸಿಗಳು ಮನೆಯಲ್ಲೇ ಕಲಸಿಕೊಳ್ಳುತ್ತಾರೆ. ಒಂದು ಕ್ಯಾನಿನಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸೋಡಾ. ಬೆಳಿಗ್ಗೆ ಅದು, ಸಂಜೆ ಇದು. ಸೋಡಾ ಅಂದರೆ ನಾವು ಭಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾನೇ, ಆದರೆ ಅದನ್ನು ಮೊದಲು ಚೆನ್ನಾಗಿ ಹುರಿದು, ತಣಿಸಿ, ಆಮೇಲೆ ನೀರಿನಲ್ಲಿ ಕರಗಿಸಬೇಕು.

ಹೀಗೆ ಕಲಸಬೇಕು ಎಂದು ನಮ್ಮವರು ಹವ್ಯಾಸಿಗಳಿಂದ ತಂದ ಪಾಕದ ಕಾಗದ ನೋಡಿದಾಗಲೇ ನನ್ನ ತಲೆ ಕೆಟ್ಟಿತ್ತು. ಸೋಡಾ ಎರಡೂಕಾಲು ಕಪ್, ನೀರು ಒಂದು ಅಮೆರಿಕನ್ ಗ್ಯಾಲನ್, ತೊಟ್ಟಿಯ ಕ್ಷಾರ ಎಂಟು ಜರ್ಮನ್ ಡಿಗ್ರಿ. ಮೂಲೆಯಲ್ಲಿ ಯಾರೋ ದಯೆಯಿಟ್ಟು "ಸುಮಾರು ಆರುನೂರು ಗ್ರಾಂ" ಎಂದು ಬರೆದಿದ್ದರು.

"ಇದೇನ ರಸಾಯನಶಾಸ್ತ್ರನೋ, ಬೀಗರೂಟದ ಯಾದಿನೋ?" ಅಂದೆ. "ನಾವು ಲ್ಯಾಬಿನಾಗ ಲೀಟರಿಗೆ ಇಷ್ಟ ಮಿಲಿಗ್ರಾಂ ಅಂತೇವಿ. ನಿಮ್ಮ ಎಂಟು ಡಿಗ್ರಿ ಅಂದ್ರ ನೂರಾ ನಲವತ್ಮೂರು. ಹಂಗ ಬರ್ಕೋರಿ."

"ಎಂಟು ಅಂದ್ರ ನೆಪ್ಪಿರ್ತೈತಿ. ನಿನ್ನ ನೂರಾ ನಲವತ್ಮೂರು ಯಾರಿಗೆ ಬೇಕಾಗೇತಿ?" ಎಂದರು ನಮ್ಮವರು. ಈ ಜಗಳ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಆಗುತ್ತಿತ್ತು. ಅದರಲ್ಲಿ ಒಂಥರಾ ಖುಷಿಯೂ ಇತ್ತು.

ಅತ್ತೆಯವರು ನಮ್ಮಲ್ಲಿಗೆ ಬಂದು ಇರಲು ಶುರುಮಾಡಿದ ಮೇಲೆ ಈ ಸೋಡಾ ಹುರಿಯುವ ಕೆಲಸ ತಾನಾಗಿ ಅವರ ಪಾಲಿಗೆ ಹೋಯಿತು. ಮಗ ಬಾಣಲೆಯಲ್ಲಿ ಬಿಳಿ ಪುಡಿ ಹಾಕಿಕೊಂಡು ಒದ್ದಾಡುವುದನ್ನು ನೋಡಲಾರದೆ, "ಸರೀಯಪಾ ಆಕಡೆ. ರವಾ ಹುರಿಯೋರ ಮುಂದ ನಿಂತ್ಕೊಂಡು ಇದೇನ ನಾಟಕ" ಎಂದು ಸೌಟು ಕಿತ್ತುಕೊಂಡರು. ಸೋಡಾ ಹುರಿಯುವಾಗ ಒಂದು ವಿಚಿತ್ರ ಆಗುತ್ತದೆ. ಪುಡಿ ಒಣಗಿದ್ದರೂ ಬಿಸಿಯೇರಿದ ಹಾಗೆ ಅದರೊಳಗಿನ ಆವಿ, ಗಾಳಿ ಹೊರಬಂದು ಅದು ನೀರಿನ ಹಾಗೆ ತಳಮಳ ಕುದಿಯುತ್ತದೆ. ಕುದಿ ನಿಂತರೆ ಹುರಿದದ್ದು ಆಯಿತು. ಇದನ್ನು ಯಾರೂ ಹೇಳಿಕೊಡದೆ ಅವರು ಮೊದಲ ದಿನವೇ ಹಿಡಿದರು.

ಅಳತೆಗೆ ಅವರ ಸ್ಟೀಲಿನ ವಾಟಗ. ಕಪ್ಪಿನಷ್ಟೇ ಹಿಡಿಯುವ ಒಂದು ಬಟ್ಟಲು.

"ಎಷ್ಟ ವಾಟಗಾ ಹಾಕ್ಲೋ?" ಎಂದು ಮಗನನ್ನು ಕೇಳಿದರು.

"ಎರಡೂಕಾಲು ಅಂತ ಬರದೈತಿ ಅವ್ವಾ."

"ಕಾಲಗೀಲು ನನಗ ತಿಳಿಯಂಗಿಲ್ಲ. ಎರಡ ತುಂಬ ಹಾಕ್ತೇನಿ, ಮ್ಯಾಲ ಒಂದೀಟ ಕೊಸರು."

ತುಂಬ ಅಂದರೆ ಅಂಚಿಗೆ ಸರಿಯಾಗಿ ಅಲ್ಲ, ಮೇಲೆ ಗೋಪುರ ನಿಂತು ಇನ್ನೊಂದು ಕಾಳು ನಿಲ್ಲದ ಹಾಗೆ. ಅವರ ತವರಿನಲ್ಲಿ ಜೋಳವನ್ನು ಹಾಗೆಯೇ ಅಳೆಯುತ್ತಿದ್ದರಂತೆ. ಅಂಚಿಗೆ ಸವರಿ ಅಳೆದರೆ ಜಿಪುಣರ ಮನೆ ಎಂದು ಊರು ಆಡಿಕೊಳ್ಳುತ್ತಿತ್ತಂತೆ. ಮೊದಲನೆಯ ವಾಟಗಕ್ಕೆ "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಆಮೇಲೆ "ಎರಡು". ಅಳೆದು ಮುಗಿದ ಮೇಲೆ ಮೂರು ಬೆರಳಲ್ಲಿ ಚಿಟಿಕೆ ಎತ್ತಿ ಉದುರಿಸುತ್ತಿದ್ದರು, ಅದು ಕೊಸರು.

"ಅತ್ತಿ, ಇದೇನ ಜ್ವಾಳಾ ಅಳಿಯೋದಲ್ರಿ" ಎಂದು ನಾನು ರೇಗುತ್ತಿದ್ದೆ.

"ನಿಮ್ಮ ಹವಳೇನ ಉಪಾಸ ಇರಬೇಕೇನ? ಅದೂ ಒಂದ ಜೀವ ಹೌದಲ್ಲೋ?" ಎನ್ನುತ್ತಿದ್ದರು. ಎಂಟು ತಿಂಗಳು ಹೀಗೆ ನಡೆಯಿತು. ಹವಳ ಚೆನ್ನಾಗಿಯೇ ಇತ್ತು. ನಮ್ಮವರು ಭಾನುವಾರಕ್ಕೊಮ್ಮೆ ಪರೀಕ್ಷೆ ಮಾಡಿದರೆ ಎಂಟು ಅಂದರೆ ಎಂಟೇ ಬರುತ್ತಿತ್ತು.

ಅದೇ ದಿನಗಳಲ್ಲಿ ಮರೆವಿನ ಮಾತು ಎದ್ದಿತು. ಒಮ್ಮೆ ಹಾಲು ಇಟ್ಟು ಮರೆತು ಪಾತ್ರೆ ಸುಟ್ಟಿತು. ಇನ್ನೊಮ್ಮೆ ಕಾಯಿಪಲ್ಯೆ ತರಲು ಕೆಳಗೆ ಹೋದವರು ಪಕ್ಕದ ಕಟ್ಟಡದ ಮೂರನೇ ಮಹಡಿಗೆ ಹೋಗಿ ಯಾರದೋ ಮನೆಯ ಬಾಗಿಲು ಬಡಿದರು. ನಮ್ಮ ಕಾಲನಿಯ ಐದೂ ಕಟ್ಟಡ ಒಂದೇ ಥರ, ಒಂದೇ ಬಣ್ಣ. ನಾನೂ ಮೊದಲ ವರ್ಷ ಎರಡು ಸಲ ಹಾಗೆ ಹೋಗಿದ್ದೆ. ನನಗಾದರೆ ಅದು ಗಡಿಬಿಡಿ, ಅವರಿಗಾದರೆ ಮರೆವು. ಡಾಕ್ಟರರು ವಯಸ್ಸಿನ ಸಹಜ, ಸ್ವಲ್ಪ ಗಮನ ಇಡಿ ಎಂದರು. ಗಮನ ಇಡುವುದು ಅಂದರೆ ನಾವು ಒಂದೊಂದೇ ಕೆಲಸ ಅವರ ಕೈಯಿಂದ ತೆಗೆದೆವು. ಒಲೆ ಹೋಯಿತು, ಬೀಗದ ಕೈ ಹೋಯಿತು. ಉಳಿದದ್ದು ನಾನು ಮನೆಯಲ್ಲಿರುವ ಭಾನುವಾರದ ಸೋಡಾ ಹುರಿಯುವಿಕೆ, ಮತ್ತು ದಿನಾ ಸಂಜೆ ಆ ನೀರನ್ನು ಅಳತೆ ಲೋಟದ ಗೀಟಿನ ತನಕ ಅಳೆದು ತೊಟ್ಟಿಗೆ ಹಾಕುವುದು.

ಇನ್ನೊಂದು ದೊಡ್ಡ ಕೆಲಸ ಅವರ ಎದುರಿಗಿತ್ತು. ನಮ್ಮ ನಾದಿನಿ ಉಸಗಾಂವದಲ್ಲಿದ್ದಾಳೆ, ಅವಳ ಗಂಡನಿಗೆ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಎರೆಯುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದವರು ಅತ್ತೆಯವರೇ. ನನ್ನ ಮಗಳಿಗೂ ಮೂರು ತಿಂಗಳು ಎರೆದರು. ಇವತ್ತು ಪುಣೆಯಲ್ಲಿ ಓದುವ ಆ ಹುಡುಗಿ ಹುಟ್ಟಿದಾಗ ಅಂಗೈಯಷ್ಟಿದ್ದಳು, ಮುಟ್ಟಲು ನನಗೇ ಭಯ. ಅವರು ಕಾಲ ಮೇಲೆ ಹಾಕಿಕೊಂಡು ಹಿಟ್ಟು ನಾದಿದ ಹಾಗೆ ನಾದುತ್ತಿದ್ದರು, ಅವಳು ಅಲ್ಲೇ ನಿದ್ದೆ ಹೋಗುತ್ತಿದ್ದಳು. ಮೊಮ್ಮಗಳ ಕೂಸಿಗೆ ಎರೆಯಬೇಕು ಎಂದು ಅವರು ತಿಂಗಳು ಮೊದಲೇ ಹಳೆಯ ಪತ್ತಲ ಹರಿದು ಕುಂಚಿಗೆ, ದುಪಟಿ ಹೊಲಿದಿಟ್ಟಿದ್ದರು.

ಹೆರಿಗೆಗೆ ಆರು ವಾರ ಇರುವಾಗ ನಮ್ಮವರನ್ನು ಹನ್ನೆರಡು ದಿನದ ತರಬೇತಿಗೆ ಮುಂಬಯಿಗೆ ಕಳಿಸಿದರು. ಸೋಡಾದ ಕ್ಯಾನು ತಳ ಕಂಡಿತ್ತು. ಹೊಸದಾಗಿ ಕಲಸಬೇಕು. ಈ ಸಲ ನಾನು ಬರೀ ರೇಗುತ್ತ ಕೂರಲಿಲ್ಲ. ಮನೆಯ ಯಜಮಾನ ಇಲ್ಲ, ಅತ್ತೆಗೆ ಮರೆವು, ಎಲ್ಲ ಶಾಸ್ತ್ರೋಕ್ತವಾಗಿ ಮಾಡಿಯೇ ಬಿಡೋಣ ಎಂದು ಅಡುಗೆಮನೆಯ ತಕ್ಕಡಿ ಇಳಿಸಿದೆ. ಕಾಗದದ ಮೂಲೆಯ ಆರುನೂರು ಗ್ರಾಂ ಹಿಡಿದುಕೊಂಡೆ. ಪ್ರಯೋಗಾಲಯದಲ್ಲಿ ನಾವು ಇದೇ ಸೋಡಾವನ್ನು ಆಮ್ಲದ ಬಲ ನೋಡಲು ಬಳಸುತ್ತೇವೆ. ಅಲ್ಲಿ ನಿಯಮ ಒಂದೇ: ಮೊದಲು ಒಣಗಿಸು, ತಣಿಸು, ಆಮೇಲೆ ತೂಗು. ಹಸಿ ಪುಡಿಯ ತೂಕವನ್ನು ನಂಬುವವನು ಕೆಮಿಸ್ಟೇ ಅಲ್ಲ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ಹಾಗಾಗಿ ಕ್ಯಾನಿನ ಮೇಲೆ ಚೀಟಿ ಅಂಟಿಸಿದೆ: "ಸೋಡಾ, ಹುರಿದದ್ದು, ಆರುನೂರು ಗ್ರಾಂ."

ಅತ್ತೆಯವರು ಎಂದಿನಂತೆ ಎರಡು ವಾಟಗ ಹುರಿದು ಕೊಟ್ಟರು. ತೂಗಿದರೆ ಆರುನೂರಕ್ಕೆ ಎಷ್ಟೋ ಕಡಿಮೆ.

"ಇನ್ನ ಒಂದ ವಾಟಗಾ ಮ್ಯಾಲ ಹುರೀರಿ" ಎಂದೆ.

"ಇಷ್ಟ್ಯಾಕವ್ವಾ? ಯಾವಾಗ್ಲೂ ಎರಡ ಹಾಕ್ತೇವಿ. ಅಳಿಯೋದು ಹುರಿಯೂಕಿಂತ ಮೊದಲ."

"ಅತ್ತಿ, ಹೇಳಿದಷ್ಟ ಮಾಡ್ರಿ. ಇದು ನನ್ನ ಕೆಲಸ."

ಅವರು ನನ್ನ ಮುಖ ನೋಡಿದರು. ಇನ್ನೊಂದು ವಾಟಗ ಹುರಿದು ಕೊಟ್ಟರು.

ದಿನಾ ಸಂಜೆ ಅವರು ಮೊದಲಿನಷ್ಟೇ ನೀರು ಅಳೆದು ಹಾಕಿದರು. ಒಂದು ವಾರ ಕಳೆದ ಮೇಲೆ, "ಯವ್ವಾ, ನೀರು ಅಕ್ಕಿ ತೊಳದ ನೀರಿನಂಗ ಕಾಣಾಕತ್ತೈತಿ, ಒಂದೀಟ ನೋಡಬಾ" ಎಂದರು. ನಾನು ಕೆಲಸದಿಂದ ದಣಿದು ಬಂದಿದ್ದೆ. ನಿಮ್ಮ ಕಣ್ಣಿನ ಪೊರೆ ನೋಡಿಸಬೇಕು ಅತ್ತಿ ಎಂದೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ನಮ್ಮವರು ಬಂದವರು ಚೀಲ ಕೂಡ ಇಳಿಸಲಿಲ್ಲ. ಪಂಪಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಹವಳಗಳ ತುದಿ ಸುಟ್ಟು ಬೆಳ್ಳಗಾಗಿದ್ದವು. ಕೆಲವುಗಳ ಮೈ ಸುಲಿದು ನೀರಿನಲ್ಲಿ ತೇಲುತ್ತಿತ್ತು. ಅವರು ಸಣ್ಣ ಶೀಶೆಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಹಾಕತೊಡಗಿದರು. ಒಂದು ಹನಿಗೆ ಒಂದು ಡಿಗ್ರಿ. ನೀಲಿ ಹೋಗಿ ಹಳದಿ ಬಂದಾಗ ಎಣಿಕೆ ನಿಲ್ಲಬೇಕು. ಎಂಟಾಯಿತು, ಹತ್ತಾಯಿತು. ಹದಿನೈದಕ್ಕೆ ಅವರ ದನಿ ಸಣ್ಣಗಾಯಿತು. ಇಪ್ಪತ್ತೆರಡಕ್ಕೆ ಹಳದಿ ಬಂತು. ಆರು ವರ್ಷ ಸಾಕಿದ ಜೀವ, ಪಾಪ, ಅವರ ಕಣ್ಣಲ್ಲಿ ನೀರು ಬಂದಿತ್ತು.

"ಅವ್ವಾ, ದಿನಾ ಎಷ್ಟ ಹಾಕಿದಿ?"

"ನೀ ಹೇಳಿದಷ್ಟ ಹಾಕೇನಪಾ. ಗೀಟಿನ ತನಕಾ."

"ಸಂಜಿಕ ಒಮ್ಮೆ ಹಾಕಿ, ಮರತ ಮತ್ತೊಮ್ಮೆ ಹಾಕಿದ್ಯೇನು?"

ಅವರು ಇಲ್ಲ ಎನ್ನಲು ಬಾಯಿ ತೆರೆದರು. ಆಮೇಲೆ ನಿಂತರು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಾಕಿದ್ದೆನೇನೋ… ಹೆಂಗ ಹೇಳ್ಲಿ" ಎಂದರು. ನಾನು ಅಲ್ಲೇ ನಿಂತಿದ್ದೆ. ಹೌದು, ಹಾಗೇ ಆಗಿರಬೇಕು ಎಂದು ತಲೆಯಾಡಿಸಿದೆ. ನನ್ನ ಚೀಟಿಯನ್ನು ಅನುಮಾನಿಸುವುದು ನನಗೆ ಹೊಳೆಯಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

"ಹೋಗ್ಲಿ ಬಿಡವ್ವಾ" ಎಂದರು ನಮ್ಮವರು. ಅವರು ಬೈಯುವ ಜಾತಿಯಲ್ಲ. "ಇನ್ನ ಮ್ಯಾಲ ನೀ ಇದಕ್ಕ ಕೈ ಹಚ್ಚಬ್ಯಾಡ. ಆರಾಮ ಕೂಡು."

ಅವರು ಕೂತರು. ಖರೇ ಹೇಳುತ್ತೇನೆ, ಅಂದಿನಿಂದ ಆ ಹೆಂಗಸು ಬಾಲ್ಕನಿಯ ಕುರ್ಚಿಯಲ್ಲಿ ಕೂತವರು ಏಳಲು ಕೂಡ ನಮ್ಮನ್ನು ಕೇಳತೊಡಗಿದರು. ನಾನು ಉಂಡೆನೇನು? ಇವತ್ತ ತಲಿ ಹಿಕ್ಕೊಂಡೆನೇನು? ಈ ಸೀರಿ ನಿನ್ನೇನೂ ಉಟ್ಟಿದ್ದೆನೇನು? ಮೊದಲು ಇಡೀ ಕಾಲನಿಯ ಬಾಯಿಗೆ ಬಾಯಿ ಕೊಡುತ್ತಿದ್ದವರು, ಮೀನು ಮಾರುವವಳೊಂದಿಗೆ ಬರದ ಕೊಂಕಣಿಯಲ್ಲಿ ಹರಟುತ್ತಿದ್ದವರು. ಈಗ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತ ಕೂರುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ಆದರೆ ವಯಸ್ಸು, ಏನು ಮಾಡಲಾದೀತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎರಡು ವಾರದ ನಂತರ, ಒಂದು ಸೋಮವಾರ, ಪ್ರಯೋಗಾಲಯದಲ್ಲಿ ಸುಣ್ಣದಕಲ್ಲಿನ ಮಾದರಿ ಬಂದಿತ್ತು. ಅದನ್ನು ಕುಲುಮೆಯಲ್ಲಿ ಸುಟ್ಟು ಎಷ್ಟು ತೂಕ ಕಳೆಯಿತು ಎಂದು ನೋಡುವ ಪರೀಕ್ಷೆ. ಪುಸ್ತಕದಲ್ಲಿ ಎರಡು ಮನೆ ಇರುತ್ತವೆ: ಸುಡುವ ಮೊದಲಿನ ತೂಕ, ಸುಟ್ಟ ನಂತರದ ತೂಕ. ಇಪ್ಪತ್ತೆರಡು ವರ್ಷದಿಂದ ಆ ಎರಡು ಮನೆ ತುಂಬುತ್ತಿದ್ದೇನೆ. ಅವತ್ತು ಎರಡನೇ ಮನೆಯಲ್ಲಿ ಅಂಕಿ ಬರೆಯುತ್ತಿದ್ದಾಗ ಕೈ ನಿಂತಿತು. ಮನೆಯ ಕ್ಯಾನಿನ ಚೀಟಿಯಲ್ಲಿ ಒಂದೇ ತೂಕವಿದೆ. ಆ ಆರುನೂರು ಯಾವ ಮನೆಯದು?

ಶಿವನೇ! ಅತ್ತೆಯವರು ಹೇಳಿದ್ದು ಕಿವಿಯಲ್ಲಿ ಕೇಳಿಸಿತು. ಅಳಿಯೋದು ಹುರಿಯೂಕಿಂತ ಮೊದಲ.

ಸಂಜೆ ಮನೆಯಲ್ಲಿ ಅತ್ತೆಯವರು ಮಲಗಿದ್ದಾಗ ಬಾಗಿಲು ಎಳೆದುಕೊಂಡು ಆರುನೂರು ಗ್ರಾಂ ಹಸಿ ಸೋಡಾ ತೂಗಿ ಹುರಿದೆ. ಕುದಿ ನಿಂತು ತಣಿದ ಮೇಲೆ ಮತ್ತೆ ತೂಗಿದೆ. ಮುನ್ನೂರ ಎಂಬತ್ತು. ಉಳಿದದ್ದು ಆವಿಯಾಗಿ, ಗಾಳಿಯಾಗಿ ಹೋಗಿತ್ತು. ಅಂದರೆ ಕಾಗದದವರು ಹೇಳಿದ್ದು ಹಸಿ ಪುಡಿಯ ತೂಕ. ನಾನು ಹುರಿದದ್ದನ್ನೇ ಆರುನೂರು ಹಾಕಿ, ಒಂದರ ಜಾಗದಲ್ಲಿ ಒಂದೂವರೆಗಿಂತ ತುಸು ಜಾಸ್ತಿ ಕ್ಷಾರ ತುಂಬಿದ್ದೆ. ಅತ್ತೆಯವರು ದಿನಾ ಒಂದೇ ಸಲ, ಗೀಟಿನ ತನಕ, ಸರಿಯಾಗಿ ಹಾಕಿದ್ದರು. ಅವರು ಏನನ್ನೂ ಮರೆತಿರಲಿಲ್ಲ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅಂದು ಗಂಡ ಬರಲಿ ಎಂದುಕೊಂಡೆ. ಅವರು ಬಂದವರೇ ಉಳಿದ ಹವಳವನ್ನು ಕತ್ತರಿಸಿ ಬೇರೆ ಮಾಡತೊಡಗಿದರು, ಮುಖ ಬಾಡಿತ್ತು, ನಾಳೆ ಎಂದುಕೊಂಡೆ. ಇವೆಲ್ಲ ನೆಪ. ಖರೇ ಸಂಗತಿ ಎಂದರೆ ನನಗೆ ನಾಚಿಕೆಯಾಗಿತ್ತು. ಮೂರೂ ಹೊತ್ತು ಗ್ರಾಂ ಗ್ರಾಂ ಎಂದು ಎಲ್ಲರ ತಲೆ ತಿಂದವಳು ನಾನು. ಅಕ್ಷರ ಬಾರದ ಮುದುಕಿ ಸರಿ, ನಾನು ತಪ್ಪು ಎಂದು ಯಾವ ಬಾಯಿಂದ ಹೇಳಲಿ? ಯಾರಾದರೂ "ಸೋಡಾ" ಎಂದರೆ ಕುಂಬಳಕಾಯಿ ಕಳ್ಳನಂತೆ ನಾನೇ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಬುಧವಾರ ಸಂಜೆ ಅತ್ತೆಯವರು ನಾದಿನಿಗೆ ಫೋನು ಮಾಡಿದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

"ತಂಗೀ, ಕೂಸಿಗೆ ಎರಿಯಾಕ ಬ್ಯಾರೆ ಯಾರನ್ನರ ನೋಡ್ಕೋ" ಎನ್ನುತ್ತಿದ್ದರು. "ನನ್ನ ಕೈ ನನಗ ನೆಚ್ಚಿಗಿ ಇಲ್ಲ. ನೀರ ಎಷ್ಟ ಬಿಸಿ ಅಂತ ಮರತಗಿರತ ಬಿಟ್ಟೆನಂದ್ರ… ಹಸೀ ಕೂಸು. ಬ್ಯಾಡವಾ. ನಾ ಬರಂಗಿಲ್ಲ."

ಆ ಕಡೆ ಮಗಳು ಏನು ಹೇಳಿದಳೋ. ಇವರು, "ಇಲ್ಲ, ಇಲ್ಲ, ಅಳಬ್ಯಾಡ" ಎಂದು ಫೋನು ಇಟ್ಟರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೆ. ಹತ್ತು ಹೆಜ್ಜೆ ಅಷ್ಟೇ. ಹೋಗಿ ಹೇಳಿದ್ದರೆ ಆ ಫೋನಿನಲ್ಲೇ ಎಲ್ಲ ನೆಟ್ಟಗಾಗುತ್ತಿತ್ತು. ತಾಟಿನಲ್ಲಿ ಇನ್ನೊಂದು ಹಿಡಿ ಹಿಟ್ಟು ಹಾಕಿಕೊಂಡು ಮತ್ತೆ ಬಡಿದೆ.

ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ. ಅತ್ತೆಯವರು ಬಿಪಿ ಗುಳಿಗೆ ನುಂಗಿ ನೀರಿನ ಲೋಟ ಇನ್ನೂ ಕೈಯಲ್ಲೇ ಹಿಡಿದಿದ್ದರು. ನನ್ನನ್ನು ನೋಡಿ, "ಯವ್ವಾ, ನಾ ಗುಳಿಗಿ ತೊಗೊಂಡೆನೇನು?" ಎಂದರು.

ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವರನ್ನು ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ತಕ್ಕಡಿ ಇಟ್ಟು, ಸೋಡಾದ ಡಬ್ಬಿ ಮತ್ತು ವಾಟಗ ಮುಂದಿಟ್ಟೆ.

"ಅಳೀರಿ ಅತ್ತಿ."

"ಬ್ಯಾಡ. ಮತ್ತೇನರ ಹೆಚ್ಚುಕಡಿಮಿ ಆದೀತು."

"ಒಮ್ಮೆ. ನನ್ನ ಸಲುವಾಗಿ."

ವಾಟಗ ಎತ್ತಿಕೊಂಡು ಅಳೆದರು. ಲಾಭ, ಎರಡು, ಮೇಲೆ ಚಿಟಿಕೆ. ತಕ್ಕಡಿ ಆರುನೂರ ಎರಡು ತೋರಿಸಿತು. ಸುರಿದು ಮತ್ತೆ ಅಳೆಯಿರಿ ಎಂದೆ. ಐನೂರ ತೊಂಬತ್ತೆಂಟು. ಮತ್ತೆ. ಆರುನೂರ ಒಂದು. ನನ್ನ ಲ್ಯಾಬಿನಲ್ಲಿ ಚಮಚೆ ಹಿಡಿದು ಹೀಗೆ ಮೂರು ಸಲವೂ ಒಂದೇ ತೂಕ ತೆಗೆಯುವವರು ಯಾರೂ ಇಲ್ಲ, ನಾನೂ ಇಲ್ಲ.

ಆಮೇಲೆ ಎಲ್ಲ ಹೇಳಿದೆ. ಚೀಟಿ, ಹಸಿ ತೂಕ, ಹುರಿದ ತೂಕ, ಮುನ್ನೂರ ಎಂಬತ್ತು. "ತಪ್ಪು ನಂದ್ರಿ ಅತ್ತಿ. ನೀವು ಎರಡ ಸಲ ಹಾಕಿಲ್ಲ. ನಿಮ್ಮ ತಲಿ ಸರಿ ಐತಿ. ನೀವು ಅವತ್ತ ಹೇಳಿದ್ರಿ, ನಾ ಕೇಳಲಿಲ್ಲ." ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವರು ಅಳಲಿಲ್ಲ. ಮುಖ ಕೆಂಪಗಾಯಿತು.

"ನನಗ ಅರಳು ಮರಳು ಅಂದ್ರಿ! ಮಗಾ ಸೊಸಿ ಎಲ್ಲಾರೂ ಕೂಡಿ! ನಾ ನನ್ನ ಕೈ ನೋಡ್ಕೋತ ಕುಂತೇನಿ, ಇವು ಯಾರವು ಅಂತ!" ಎಂದು ಕೂಗಿದರು. ಅವರ ಆ ದನಿ ಕೇಳಿ ಎಷ್ಟು ದಿನವಾಗಿತ್ತು. ಬೈಯಲಿ, ಇನ್ನೂ ಬೈಯಲಿ ಅನ್ನಿಸಿತು. ಆದರೆ ಅವರು ತಟ್ಟನೆ ನಿಲ್ಲಿಸಿ ಕೇಳಿದರು:

"ಇದು ನಿನಗ ಎಂದ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಸೋಮವಾರ್ರಿ" ಎಂದೆ.

"ಬುಧವಾರ ನಾ ಫೋನ್ ಮಾಡಿದೆ."

"ಹೌದ್ರಿ."

"ನಿನಗ ಕೇಳಿಸ್ತೇನು?"

"ಕೇಳಿಸ್ತ್ರಿ."

ಅವರು ವಾಟಗವನ್ನು ತೊಳೆದು ಬೋರಲು ಹಾಕಿದರು. ಕೈ ಒರೆಸಿಕೊಂಡರು. ನನ್ನತ್ತ ನೋಡದೆ ಬಾಲ್ಕನಿಗೆ ಹೋಗಿ ಕೂತರು. ಉಪ್ಪು ತಿಂದವರು ನೀರು ಕುಡಿಯಬೇಕು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ, ಅವತ್ತು ಕುಡಿದೆ.

ಅಂದು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ನಾನೇ ನಾದಿನಿಗೆ ಫೋನು ಮಾಡಿದೆ, ಅತ್ತೆಯವರ ಎದುರಿಗೇ, ಅವರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ. ತಪ್ಪು ನನ್ನದೆಂದು ಅವಳಿಗೂ ಬಿಡಿಸಿ ಹೇಳಿದೆ. ಅವಳು, "ವೈನಿ, ನಾ ಇಲ್ಲಿ ಒಬ್ಬಾಕಿಗೆ ಹೇಳಿಟ್ಟೇನಿ" ಎಂದಳು. ನಾನು ಮಾತಾಡುವಷ್ಟರಲ್ಲಿ ಅತ್ತೆಯವರು ಬಗ್ಗಿ ಫೋನಿಗೆ, "ಆಕಿಗೆ ಬಾಣಂತಿ ಅರಿವಿ ಒಗಿಯಾಕ ಹೇಳು. ಕೂಸಿಗೆ ಎರಿಯಾಕ ನಾ ಬರಾಕತ್ತೇನಿ" ಎಂದರು. ನಾದಿನಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಸಂಜೆ ನಮ್ಮವರಿಗೂ ಹೇಳಿದೆ. ಅವರು ಸೀದಾ ಬಾಲ್ಕನಿಗೆ ಹೋಗಿ ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಹವಳದಲ್ಲಿ ಅರ್ಧದಷ್ಟು ಉಳಿದವು. ಅವರ ಸಿಟ್ಟು, ದುಃಖ ಎಲ್ಲ ಆ ಉಳಿದದ್ದನ್ನು ಸಾಕುವುದರಲ್ಲಿ ಕರಗಿತು.

ಕೂಸು ಹುಟ್ಟಿದ್ದು ಎರಡು ವಾರದ ಮೇಲೆ, ಹೆಣ್ಣು. ರಜೆ ಹಾಕಿ ನಾನೇ ಅತ್ತೆಯವರನ್ನು ಬಸ್ಸಿನಲ್ಲಿ ಫೋಂಡಾಕ್ಕೆ, ಅಲ್ಲಿಂದ ಉಸಗಾಂವಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅದಿರಿನ ಕೆಂಪು ಧೂಳು ಸೀರೆಗೆಲ್ಲ ಹತ್ತಿತು. ಅವರು ನನ್ನೊಂದಿಗೆ ಮೊದಲಿನಂತೆ ಮಾತಾಡತೊಡಗಿದ್ದರು, ಬೈಯುತ್ತಲೂ ಇದ್ದರು. ಎಲ್ಲ ಸರಿಹೋಯಿತು ಎಂದೇ ನಾನು ತಿಳಿದಿದ್ದೆ.

ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲ ಮೇಲೆ ಏರಿಸಿ, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. ನಾನು ತಂಬಿಗೆ ಹಿಡಿದು ನಿಂತಿದ್ದೆ. ಅವರು ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದರು. ನನ್ನ ಮಗಳಿಗೆ ಎರೆಯುವಾಗ ಹೀಗೆ ಒಂದು ಸಲ ಅದ್ದಿದರೆ ಮುಗಿಯಿತು, ಮತ್ತೆ ಯಾರನ್ನೂ ಕೇಳುತ್ತಿರಲಿಲ್ಲ, ಯಾರಾದರೂ ಹೇಳಲು ಹೋದರೆ ಓಡಿಸುತ್ತಿದ್ದರು. ಈಗ ಮತ್ತೊಮ್ಮೆ ಅದ್ದಿದರು. ಆಮೇಲೆ ತಲೆಯೆತ್ತಿ ನನ್ನತ್ತ ನೋಡಿದರು.

"ಬಿಸಿ ಸರಿ ಐತೇನು ನೋಡು."

ನಾನು ಕೈ ಅದ್ದಿದೆ. ಹೇಗಿರಬೇಕೋ ಹಾಗೆಯೇ ಇತ್ತು. "ಸರಿ ಐತ್ರಿ" ಎಂದೆ.

"ಖರೇ ನೋಡಿ ಹೇಳು."

"ಖರೇನ್ರಿ ಅತ್ತಿ."

ಕೂಸಿನ ಮೈಗೆ ಎಣ್ಣೆ ತಿಕ್ಕುವಾಗ ಅವರ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಆದರೆ ನೀರು ಎರೆಯುವ ಪ್ರತಿ ಸಲವೂ ನನ್ನ ಕಡೆ ನೋಡಿದರು. ಕಿವಿಗೆ ನೀರ ಹೋಗಿಲ್ಲ ಹೌದಲ್ಲೋ? ಜ್ವಾಕಿ ಹಿಡದೇನಿಲ್ಲೋ? ಆ ಮುಂಜಾನೆ ಏಳು ಸಲ ಕೇಳಿದರು. ಅವರ ಕೈ ಸರಿಯಿದೆ ಎಂದು ತಕ್ಕಡಿಯಲ್ಲಿ ತೋರಿಸಿದ್ದೆ, ಬಾಯಿಂದ ಹೇಳಿದ್ದೆ, ಫೋನಿನಲ್ಲಿ ಒಪ್ಪಿಕೊಂಡಿದ್ದೆ. ಆದರೂ ಅನುಮಾನ ಅಲ್ಲೇ ಇತ್ತು, ಅದನ್ನು ಅಲ್ಲಿ ಇಟ್ಟವಳು ನಾನೇ.

ಮೂರು ತಿಂಗಳು ಅವರು ಅಲ್ಲಿದ್ದರು. ನಾನು ಶನಿವಾರಕ್ಕೊಮ್ಮೆ ಮೊದಲ ಬಸ್ಸು ಹಿಡಿದು ಉಸಗಾಂವಕ್ಕೆ ಹೋಗಿ, ಅವರ ಪಕ್ಕ ತಂಬಿಗೆ ಹಿಡಿದು ನಿಲ್ಲುತ್ತಿದ್ದೆ. ಏಳು ಸಲ ಐದಾಯಿತು, ಐದು ಮೂರಾಯಿತು. ಕೊನೆಯ ಶನಿವಾರವೂ ಒಂದು ಸಲ ಕೇಳಿದರು. ಪ್ರತಿ ಸಲವೂ ನಾನು ಕೈ ಅದ್ದಿ ನೋಡಿಯೇ ಹೇಳಿದೆ.